ಬಿಸಿಲು ಮುಚ್ಚಿದ ನಾಲ್ಕು ದಿನ

ಕಳೆದ ತಿಂಗಳು ಘೋಣಸಗಿಯಿಂದ ಬಸ್ಸು ಹಿಡಿದು ವಿಜಾಪುರಕ್ಕೆ ಹೋಗಿದ್ದೆ. ನನ್ನ ಅಕ್ಕ ನೀಲವ್ವ ಅಲ್ಲಿ ಜಲನಗರದಲ್ಲಿ ಮಗನ ಮನೆಯಲ್ಲಿದ್ದಾಳೆ. ಎಂಬತ್ತು ದಾಟಿದವಳು ಬಚ್ಚಲಲ್ಲಿ ಜಾರಿ ತೊಡೆಯ ಎಲುಬು ಮುರಿದುಕೊಂಡಿದ್ದಳು. ಡಾಕ್ಟರು ಒಳಗೆ ರಾಡು ಹಾಕಿ ಹೊಲಿದಿದ್ದಾರೆ. ಇನ್ನೂ ಕೆಲವು ವಾರ ಮಲಗಿಯೇ ಇರಬೇಕಂತೆ.

ಹೊಸ್ತಿಲು ದಾಟಿದ ಕೂಡಲೆ ಸ್ಪಿರಿಟ್ಟಿನ ವಾಸನೆ ಬಂತು. ಅದರ ಜೊತೆಗೆ ಗುಂಯ್ ಅನ್ನುವ ಸಪ್ಪಳ.

"ಇದೇನವಾ, ಮಂಚದ ಬುಡಕ ಹಿಟ್ಟಿನ ಗಿರಣಿ ಇಟ್ಟೀಯೇನು?" ಎಂದು ಅಕ್ಕನ ಸೊಸೆಯನ್ನು ಕೇಳಿದೆ.

"ಗಾಳಿ ಗಾದೀರಿ ಸಣ್ಣತ್ತಿ. ಒಂದು ಸಾಲು ಉಬ್ಬತೈತಿ, ಇನ್ನೊಂದು ಇಳಿತೈತಿ. ಒಂದ ಕಡೆ ಭಾರ ಬಿದ್ದು ಹುಣ್ಣಾಗಬಾರದಲ್ರಿ. ಆದ್ರೂ ಎರಡೆರಡು ತಾಸಿಗೆ ನಾವು ಹೊಳ್ಳಸಾಕ ಬೇಕು ಅಂದಾರ ಡಾಕ್ಟರು."

ಮಂಚದ ಮೇಲಿಂದ ಅಕ್ಕ ಅಂದಳು, "ಮಷೀನ ಚಲೋ ಐತಿ ಬಿಡು. ಇದಕ್ಕ ಚೌಕಾಬಾರಾ ಆಡಾಕ ಬರೂದಿಲ್ಲ."

ಸೊಸೆ ನಕ್ಕಳು. ನಾನು ನಗಲಿಲ್ಲ. ಅರವತ್ತು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡ ಒಂದು ಮಾತು ಈಕೆಗೆ ಗೊತ್ತಿದೆಯೋ ಏನೋ ಎಂದು ಅವತ್ತು ಮೊದಲ ಸಲ ಅನಿಸಿತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಕಲಿತದ್ದು ಮೂರನೆಯ ಇಯತ್ತೆಯ ತನಕ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ಅದು ದೊಡ್ಡ ಯುದ್ಧ ನಡೆದಿದ್ದ ಕಾಲ. ಯುದ್ಧ ಎಲ್ಲಿ, ಯಾರ ನಡುವೆ ಎಂಬುದು ತವರೂರು ಟಿಕೋಟಾದಲ್ಲಿದ್ದ ನಮಗೆ ಅಷ್ಟಾಗಿ ತಿಳಿದಿರಲಿಲ್ಲ. ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ, ಅದು ತಿಳಿದಿತ್ತು. ವಿಜಾಪುರದ ಮೋಟಾರಿಗೆ ಪೆಟ್ರೋಲು ಇಲ್ಲದೆ ಹಿಂದೆ ಒಂದು ಒಲೆ ಕಟ್ಟಿ, ಇದ್ದಲಿ ಉರಿಸಿ ಓಡಿಸುತ್ತಿದ್ದರು. ಏರು ಬಂದರೆ ಮಂದಿ ಇಳಿದು ನೂಕಬೇಕು. ನೂಕಿದವರ ಮುಖವೆಲ್ಲ ಮಸಿ.

ನೀಲಕ್ಕನನ್ನು ಬಬಲೇಶ್ವರಕ್ಕೆ ಕೊಟ್ಟು ಎರಡು ವರ್ಷವಾಗಿತ್ತು. ಆಕೆಗೆ ಇಪ್ಪತ್ತೆರಡು, ನನಗೆ ಹದಿನಾರು. ದೀಪಾವಳಿ ಮುಗಿದ ಮೇಲೆ ಒಂದು ದಿನ ಆಕೆ ಮೇವಿನ ಬಣವಿ ಹತ್ತಿ ಎಮ್ಮೆಗೆ ಕಣಕಿ ಎಳೆಯುವಾಗ ಕಾಲು ಜಾರಿ ಬೆನ್ನಡಿಯಾಗಿ ಬಿದ್ದಳು. ಏಳಲು ಹೋದರೆ ಸೊಂಟದ ಕೆಳಗೆ ಏನೂ ಇಲ್ಲ. ಚಿವುಟಿದರೂ ತಿಳಿಯದು. ವಿಜಾಪುರದ ದವಾಖಾನೆಯ ಡಾಕ್ಟರು ನೋಡಿ, ನರ ಪೂರ್ತಿ ಹರಿದಿಲ್ಲ, ಜೋಮು ಹಿಡಿದು ಕೂತಿದೆ, ತಿಂಗಳುಗಟ್ಟಲೆ ಅಲುಗಾಡದೆ ಮಲಗಿದರೆ ತಿರುಗಿ ಬಂದರೂ ಬರಬಹುದು ಎಂದರು. ಅಲ್ಲಿ ಕೆಲವು ದಿನ ಇಟ್ಟುಕೊಂಡು, ಆರೈಕೆಗೆ ತವರುಮನೆಯೇ ಒಳ್ಳೆಯದೆಂದು ಟಿಕೋಟಾಕ್ಕೆ ಕಳಿಸಿದರು.

ಕಳಿಸುವ ಮುಂಚೆ ಅಲ್ಲಿನ ನರ್ಸಬಾಯಿ ನನ್ನನ್ನೂ ಅವ್ವನನ್ನೂ ನಿಲ್ಲಿಸಿ ಪಾಠ ಹೇಳಿದಳು. ಎತ್ತರದ ಹೆಂಗಸು, ಗಡಸು ದನಿ. ಡಾಕ್ಟರೂ ಅವಳಿಗೆ ಸ್ವಲ್ಪ ಹೆದರುತ್ತಿದ್ದರು.

"ಈಕಿ ಮೈಗೆ ನೋವು ಗೊತ್ತಾಗೂದಿಲ್ಲ. ಈಕಿ ಪರವಾಗಿ ನಿಮಗ ಗೊತ್ತಾಗಬೇಕು. ಎರಡು ತಾಸಿಗೊಮ್ಮೆ ಹೊಳ್ಳಸ್ರಿ. ಬಲಕ್ಕ, ಅಂಗಾತ, ಎಡಕ್ಕ. ಎಳೀಬ್ಯಾಡ್ರಿ, ತೊಗಲು ಕೆತ್ತತೈತಿ. ಹೆಗಲು, ಸೊಂಟ ಕೂಡೇ ಹಿಡಿದು ದಿಮ್ಮಿ ಉರುಳಿಸಿದಂಗ ಉರುಳಸ್ರಿ. ಹಾಸಿದ ಅರಬಿ ಒದ್ದಿ ಆಗಗೊಡಬ್ಯಾಡ್ರಿ. ಹೊಳ್ಳಿಸಿದಾಗೊಮ್ಮೆ ಎಲುಬಿನ ಮ್ಯಾಲಿನ ತೊಗಲಾ ನೋಡ್ರಿ. ಕೆಂಪಾಗಿದ್ರ ಬೆರಳಿಲೆ ಒತ್ತಿ ಬಿಡ್ರಿ. ಒತ್ತಿದಲ್ಲೆ ಬೆಳ್ಳಗಾದ್ರ ಚಿಂತಿಲ್ಲ. ಒತ್ತಿದ್ರೂ ಕೆಂಪ ಉಳೀತು ಅಂದ್ರ ಆ ಮಗ್ಗಲಾ ಬಿಟ್ಟಬಿಡ್ರಿ, ಅದರ ಮ್ಯಾಲ ಮಲಗಸಬ್ಯಾಡ್ರಿ."

ಅವ್ವ ಕೇಳಿದಳು, "ಎರಡು ತಾಸು ಅಂದ್ರ ಹೆಂಗ ತಿಳೀಬೇಕ್ರಿ ಬಾಯಾರ? ನಮ್ಮನ್ಯಾಗ ಗಡಿಯಾರ ಇಲ್ರಿ."

"ಎಮ್ಮಿ ಹಿಂಡೂದು ಎಂದರ ಮರ್ತೀರೇನು?"

"ಅದೆಂಗ ಮರೀತೀವ್ರಿ, ಅದು ಒದರತೈತಿ."

"ಈಕಿ ಒದರೂದಿಲ್ಲ. ಅಷ್ಟ ಫರಕು."

ಅವ್ವ ದಾರಿಯುದ್ದಕ್ಕೂ ಅದನ್ನೇ ಯೋಚಿಸುತ್ತ ಬಂದಳು. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಪಡಸಾಲೆಗೆ ಕಿಟಕಿ ಇಲ್ಲ, ಮಾಳಿಗೆಯ ನಡುವೆ ಒಂದು ಬೆಳಕಿಂಡಿ. ಅದರಿಂದ ರೊಟ್ಟಿಯಷ್ಟು ಅಗಲದ ಬಿಸಿಲು ಒಳಗೆ ಬಿದ್ದು, ಬೆಳಗ್ಗೆ ಪಡುವಣ ಗೋಡೆಯಿಂದ ಇಳಿದು, ನೆಲದ ಪರಸಿ ಕಲ್ಲಿನ ಮೇಲೆ ಹಾಯ್ದು, ಸಂಜೆಗೆ ಮೂಡಣ ಗೋಡೆ ಹತ್ತುತ್ತಿತ್ತು. ಅವ್ವ ಅಪ್ಪನನ್ನು ಸಾಲಿ ಮಾಸ್ತರರ ಹತ್ತಿರ ಕಳಿಸಿ ಅವರ ಕಿಸೆಯ ಗಡಿಯಾರವನ್ನು ಒಂದು ದಿನದ ಮಟ್ಟಿಗೆ ತರಿಸಿದಳು. ಅಪ್ಪ ಗಡಿಯಾರ ಹಿಡಿದು ಕೂತ, ಅವ್ವ ಸುಣ್ಣದ ಬಟ್ಟಲು ಹಿಡಿದು ಕೂತಳು. ಎರಡು ತಾಸಿಗೊಂದು ಗೆರೆ. ಬಿಸಿಲು ಗೆರೆ ಮುಟ್ಟಿತೋ, ನೀಲಕ್ಕನ ಮಗ್ಗುಲು ಬದಲಿಸಬೇಕು. ಬಿಸಿಲು ಬರುವ ಮುಂಚಿನ ಸರದಿಗೆ ಇದ್ದಲಿ ಮೋಟಾರಿನ ಕೆಮ್ಮು ಇತ್ತು, ಬಿಸಿಲು ಹೋದ ಮೇಲಿನದಕ್ಕೆ ದನ ಬರುವ ಹೊತ್ತು. ರಾತ್ರಿಯದು ಅವ್ವನ ಪಾಲು. ಓಣಿಯ ಹೆಂಗಸರು ಈ ಗೆರೆಗಳನ್ನು ನೋಡಲೆಂದೇ ಬರುತ್ತಿದ್ದರು. "ಮೂರನೇ ಗೆರಿಗೆ ಎದ್ದು ಹೊಂಟೆ, ಅಡಗಿ ಉಳದೈತಿ" ಅನ್ನುವುದು ನಮ್ಮ ಓಣಿಯಲ್ಲಿ ರೂಢಿಯ ಮಾತಾಯಿತು.

ಎರಡು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ನೀಲಕ್ಕನ ಮೈಮೇಲೆ ಒಂದು ಗುರುತೂ ಬೀಳಲಿಲ್ಲ. ಆಮೇಲೆ ಜೋಳದ ಸುಗ್ಗಿ ಬಂತು. ಅವ್ವ, ಅಪ್ಪ ಇಬ್ಬರೂ ನಸುಕಿನಲ್ಲಿ ಹೊಲಕ್ಕೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಮನೆಯಲ್ಲಿ ನಾವಿಬ್ಬರೇ.

ಹೊತ್ತು ಕಳೆಯಲು ನಾನು ನೀಲಕ್ಕ ಮಲಗಿದ ಹೊರಸಿನ ಪಕ್ಕದಲ್ಲಿ ಇದ್ದಲಿಯಿಂದ ಚೌಕಾಬಾರಾದ ಮನೆ ಬರೆದೆ. ನಾಲ್ಕು ಕವಡೆ, ಕಾಯಿಗೆ ಹುಣಸೆ ಬೀಜ ಮತ್ತು ಕಡಲೆ. ನೀಲಕ್ಕ ಬಲಮಗ್ಗುಲಾಗಿ ನನ್ನ ಕಡೆ ಮುಖ ಮಾಡಿ ಮಲಗಿದರೆ ಎಡಗೈಯಿಂದ ಕವಡೆ ಎಸೆಯಬಹುದಿತ್ತು. ಕವಡೆ ಹೊರಸಿನ ಬುಡಕ್ಕೆ ಉರುಳುತ್ತಿದ್ದವು, ನಾನು ತೆವಳಿ ತರುತ್ತಿದ್ದೆ.

"ಎಷ್ಟ ಬಿದ್ದಿತ್ತು?"

"ಒಂದು."

"ಸುಳ್ಳ ಹೇಳಬ್ಯಾಡಲೇ, ಬುಡಕ ಹೋಗಿ ಹೊಳ್ಳಿಸಿ ಬಂದಿ ನೀ."

ಮದುವೆಗೆ ಮುಂಚೆ ಆಕೆ ನನ್ನನ್ನು ಒಂದು ಆಟವೂ ಗೆಲ್ಲಗೊಟ್ಟವಳಲ್ಲ. ಈಗ ಎಡಗೈಯ ಮೇಲೆ ಆಕೆಗೆ ಹಿಡಿತವಿರಲಿಲ್ಲ. ನಾನು ಗೆಲ್ಲತೊಡಗಿದೆ. ಆ ಗೆಲುವಿನ ರುಚಿ ಹತ್ತಿತು. ಆದರೆ ಆಟ ಏರುವ ಹೊತ್ತಿಗೆ ಸರಿಯಾಗಿ ಬಿಸಿಲು ಗೆರೆ ಮುಟ್ಟುತ್ತಿತ್ತು. ಅಕ್ಕನೇ ಹೇಳುವಳು, "ಗೆರಿ ಬಂತ ನೋಡ. ಹೊಳ್ಳಸು." ಎಡಕ್ಕೆ ಹೊರಳಿಸಿದರೆ ಆಕೆಯ ಮುಖ ಗೋಡೆಗೆ. ಅಂಗಾತ ಮಲಗಿಸಿದರೆ ಜಂತಿ ಎಣಿಸಬೇಕು. ಮತ್ತೆ ಬಲಮಗ್ಗುಲು ಬರುವ ಹೊತ್ತಿಗೆ ಆಟದ ಬಿಸಿ ಆರಿರುತ್ತಿತ್ತು, ಆಕೆ "ಹೊಸದಾಗಿ ಹೂಡೂಣು" ಅನ್ನುತ್ತಿದ್ದಳು. ಗೆಲ್ಲುವ ಆಟ ಕೈಬಿಟ್ಟು ಹೋಗುತ್ತಿತ್ತು.

ಒಂದು ಗುರುವಾರ, ಬಿಸಿಲು ಇನ್ನೂ ಗೋಡೆಯ ಮೇಲಿರುವಾಗಲೇ, ನಾನು ಏಣಿ ಹತ್ತಿ ಮಾಳಿಗೆಗೆ ಹೋಗಿ ಬೆಳಕಿಂಡಿಯ ಮೇಲೆ ಮಳೆಗಾಲದ ತಗಡು ಮುಚ್ಚಿ, ಅದರ ಮೇಲೊಂದು ಕಲ್ಲು ಇಟ್ಟು ಬಂದೆ.

"ಯಾಕ ಕತ್ತಲಾತು?" ಎಂದು ಅಕ್ಕ ಕೇಳಿದಳು.

"ಅವ್ವ ಮಾಳಿಗಿ ಮ್ಯಾಲ ಜ್ವಾಳಾ ಒಣಹಾಕಿ ಹೋಗ್ಯಾಳ. ಧೂಳ ಕೆಳಗ ಬೀಳತೈತಿ, ಅದಕ್ಕ ಮುಚ್ಚಿ ಬಂದೆ."

ಆಕೆ ಕವಡೆ ಎಸೆದಳು. ಬಾಗಿಲ ಬೆಳಕಿನಲ್ಲಿ ನಾವು ಆಡಿದೆವು. ಮಧ್ಯಾಹ್ನದ ರೊಟ್ಟಿಯನ್ನೂ ಅಲ್ಲೇ ತಿಂದೆವು. ಸಂಜೆ ದನ ಬರುವಾಗ ಮಾತ್ರ ಹೊರಳಿಸಿದೆ. ಹೀಗೆ ಗುರುವಾರ, ಶುಕ್ರವಾರ, ಶನಿವಾರ, ರವಿವಾರ. ದಿನವೂ ಸಂಜೆ ತಗಡು ತೆಗೆದುಬಿಡುತ್ತಿದ್ದೆ. ಅವ್ವ ದಣಿದು ಬಂದು "ತೊಗಲಾ ನೋಡಿದೇನ?" ಅಂದರೆ "ನೋಡೇನಿ ಬೇ" ಅನ್ನುತ್ತಿದ್ದೆ. ಎಣ್ಣೆ ತೀರುತ್ತ ಬಂದ ಚಿಮಣಿಯ ಮಂದ ಬೆಳಕಿನಲ್ಲಿ ಅವ್ವನಿಗೆ ಏನೂ ಕಾಣುವಂತಿರಲಿಲ್ಲ.

ಸೋಮವಾರ ನಮ್ಮ ಕಡೆ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅವತ್ತು ಅವ್ವ ಮನೆಯಲ್ಲಿದ್ದಳು. ನೀರು ಕಾಸಿ ನೀಲಕ್ಕನ ಮೈ ಒರೆಸುತ್ತಿದ್ದವಳು ಒಮ್ಮೆಲೇ ಕೈ ನಿಲ್ಲಿಸಿದಳು. ಬಲ ಸೊಂಟದ ಎಲುಬಿನ ಮೇಲೆ, ಅಂಗೈಯ ನಡುವಿನಷ್ಟು ಅಗಲ, ಸುಟ್ಟ ಬದನೆಕಾಯಿಯ ಬಣ್ಣ. ಅವ್ವ ಬೆರಳಿಂದ ಒತ್ತಿದಳು. ಬೆಳ್ಳಗಾಗಲಿಲ್ಲ.

"ಏನಾತ ಬೇ?" ಎಂದಳು ನೀಲಕ್ಕ. ಆಕೆಗೆ ಏನೂ ತಿಳಿದಿರಲಿಲ್ಲ.

ಅಪ್ಪ ಬಂದು ನೋಡಿದ. "ಇದು ನೊಗದ ಹುಣ್ಣು ಇದ್ದಂಗ ಐತಿ. ನೊಗಾ ಇಳಿಸಿದ ಹೊರತು ಮಾಯಂಗಿಲ್ಲ. ಆದ್ರ ನೊಗಾ ಎಲ್ಲಿತ್ತು? ಹೊಳ್ಳಸಾಕತ್ತೇವಲ್ಲ?" ಎಂದ.

ಆಗ ಹೇಳಬೇಕಿತ್ತು. ಹೇಳಲಿಲ್ಲ. ಅವ್ವ ಅರಿವೆ ತೋಯಿಸಿ ತಂದು, ಮೊಳಕಾಲೂರಿ ಕೂತು, ಸುಣ್ಣದ ಗೆರೆಗಳನ್ನು ಒಂದೊಂದಾಗಿ ಒರೆಸಿದಳು.

"ನನ್ನ ಗೆರಿ ತಪ್ಪ್ಯಾವ. ಎರಡು ತಿಂಗಳದಾಗ ಸೂರ್ಯಾ ಸರದಾನ. ಗಡಿಯಾರ ತಂದು ಮತ್ತೊಮ್ಮೆ ಅಳೀಬೇಕಿತ್ತು. ಹುಡುಗಿ ಪಾಪ, ಗೆರಿ ಬಂದಾಗ ಹೊಳ್ಳಿಸ್ಯಾಳ."

ಮರುದಿನ ಬಂಡಿಯಲ್ಲಿ ಮೊಳದೆತ್ತರ ಹತ್ತಿ ಹಾಸಿ, ನೀಲಕ್ಕನನ್ನು ಎಡಮಗ್ಗುಲಾಗಿ ಮಲಗಿಸಿ ವಿಜಾಪುರಕ್ಕೆ ಕರೆದೊಯ್ದೆವು. ಡಾಕ್ಟರು ಸತ್ತ ತೊಗಲನ್ನು ಕತ್ತರಿಸಿ ತೆಗೆದರು. ಒಳಗೆ ಗುಳಿ. "ಎಲುಬು ಮುಟ್ಟಿಲ್ಲ. ಮುಟ್ಟಿದ್ರ ಜೀವಕ್ಕ ಕಷ್ಟ. ಇಲ್ಲೇ ಇರ್ರಿ" ಎಂದರು.

ನರ್ಸಬಾಯಿ ಕೇಳಿದಳು, "ಹೊಳ್ಳಸಾವರು ಯಾರಿದ್ರಿ?"

"ನಮ್ಮ ಸಣ್ಣಾಕೀರಿ. ಒಂದು ಗೆರಿ ತಪ್ಪಿಸಿಲ್ರಿ ಆಕಿ," ಎಂದಳು ಅವ್ವ.

ನರ್ಸಬಾಯಿ ಗಾಯ ನೋಡಿದಳು, ನೀಲಕ್ಕನ ಎಡ ಸೊಂಟ ನೋಡಿದಳು, ಬೆನ್ನು ನೋಡಿದಳು. ಬೇರೆಲ್ಲೂ ಒಂದು ಕೆಂಪು ಚುಕ್ಕೆಯೂ ಇಲ್ಲ. ಕೊನೆಗೆ ನನ್ನನ್ನು ನೋಡಿದಳು. ಒಂದೇ ಮಗ್ಗುಲಿಗೆ ಮಲಗಿಸಿದ್ದು ಆಕೆಗೆ ಗೊತ್ತಾಯಿತು. ಅವ್ವನಿಗೆ ಏನೂ ಹೇಳಲಿಲ್ಲ. ನನ್ನ ರಟ್ಟೆ ಹಿಡಿದು ವಾರ್ಡಿನ ಗೋಡೆಯ ಗಡಿಯಾರದ ಮುಂದೆ ನಿಲ್ಲಿಸಿದಳು.

"ಇದನ್ನ ಓದಾಕ ಬರತೈತೇನು?"

"ಇಲ್ರಿ."

"ಇವತ್ತ ಕಲೀತಿ. ಇದರ ಮ್ಯಾಲ ಯಾರೂ ಏನೂ ಮುಚ್ಚಾಕ ಆಗೂದಿಲ್ಲ."

ತಗಡಿನ ಸುದ್ದಿ ಆಕೆಗೆ ಹೇಗೆ ತಿಳಿಯಬೇಕು? ಸುಮ್ಮನೆ ಅಂದಿರಬೇಕು. ಅವತ್ತೇ ಗಡಿಯಾರ ಓದಲು ಕಲಿತೆ. ಸಾಲಿಯಲ್ಲಿ ಮೂರು ವರ್ಷ ಕಲಿತದ್ದಕ್ಕಿಂತ ಅದು ಗಟ್ಟಿಯಾಗಿ ಉಳಿದಿದೆ.

ಆ ಬೇಸಗೆಯನ್ನು ನಾವು ವಾರ್ಡಿನಲ್ಲೇ ಕಳೆದೆವು. ಹೇಳಿದರೆ ನಂಬಲಿಕ್ಕಿಲ್ಲ, ಅದು ನಗೆಯ ಬೇಸಗೆಯಾಗಿತ್ತು. ಭೂತನಾಳ ಕೆರೆಯ ನೀರು ಅಲ್ಲಿ ನಳದಲ್ಲಿ ಬರುತ್ತಿತ್ತು. ನಾನು ನಳ ಕಂಡದ್ದೇ ಮೊದಲು, ಸುಮ್ಮನೆ ತಿರುವಿ ನೋಡಿ ಬೈಸಿಕೊಂಡೆ. ಆ ನೀರನ್ನು ಕುದಿಸಿ, ಉಪ್ಪು ಹಾಕಿ, ಆರಿಸಿ, ದಿನವೂ ಗಾಯ ತೊಳೆಯುವುದು. ಒಂದು ಬಿಳಿಯ ಪುಡಿ ಉದುರಿಸಿ ಹಸನಾದ ಪಟ್ಟಿ ಕಟ್ಟುವುದು. ಉಳಿದ ಮೈಗೆ ಸ್ಪಿರಿಟ್ ಹಚ್ಚಿ ತಿಕ್ಕುವುದು. ಕೆಂಪಾದಲ್ಲಿ ತಿಕ್ಕಬಾರದೆಂದು ಈಗ ಹೇಳುತ್ತಾರೆ, ಆಗ ಹಾಗೆ ಮಾಡುತ್ತಿದ್ದರು. ಹಿಮ್ಮಡಿಯ ಕೆಳಗೆ ದಿಂಬು ಇಟ್ಟು ಹಿಮ್ಮಡಿ ಗಾಳಿಯಲ್ಲಿ ನಿಲ್ಲುವಂತೆ ಮಾಡುವುದು. ಎರಡು ತಾಸಿಗೊಮ್ಮೆ ಎಡಕ್ಕೆ, ಅಂಗಾತ, ಮತ್ತೆ ಎಡಕ್ಕೆ. ಬಲಕ್ಕೆ ಮಾತ್ರ ಇಲ್ಲ.

ಅವ್ವ ಒಂದು ದಿನ ಕೊಡ ಹೊರುವ ಸಿಂಬಿ ತಂದು, ಗಾಯದ ಸುತ್ತ ಇಡೋಣ, ಹುಣ್ಣು ಹಾಸಿಗೆಗೆ ತಾಗುವುದಿಲ್ಲ ಎಂದಳು. ನರ್ಸಬಾಯಿ ಸಿಂಬಿಯನ್ನು ತಿರುಗಿಸಿ ನೋಡಿ ಅವ್ವನ ತಲೆಯ ಮೇಲೇ ಇಟ್ಟಳು. "ಇದು ಕೊಡಕ್ಕ ಸರಿ. ಮೈಗಿಟ್ರ ಸುತ್ತಲೂ ರಕ್ತಾ ನಿಂತು ಇನ್ನೊಂದು ಹುಣ್ಣಾಗತೈತಿ." ಅವ್ವ ಸಿಂಬಿ ಹೊತ್ತುಕೊಂಡೇ ನಕ್ಕಳು.

ಇನ್ನೊಂದು ದಿನ ತತ್ತಿಯ ಮಾತು ಬಂತು. "ಗಾಯ ತುಂಬಾಕ ಮೈಯಾಗ ಸಾಮಾನ ಬೇಕು. ದಿನಾ ಒಂದು ತತ್ತಿ ಕೊಡ್ರಿ." ಅವ್ವ ಎರಡೂ ಕಿವಿ ಮುಚ್ಚಿಕೊಂಡಳು. ಬಬಲೇಶ್ವರದಿಂದ ಬಂದಿದ್ದ ಮಾಮಾ, ಅಂದರೆ ನೀಲಕ್ಕನ ಗಂಡ, ಮೂಲೆಯಲ್ಲಿ ನಿಂತಿದ್ದ. ಹೆಂಡತಿಯ ಎದುರು ನಾಲ್ಕು ಮಾತಾಡಲು ನಾಚುವ ಮನುಷ್ಯ.

"ತತ್ತಿ ಬದ್ಲಿ ಏನ ಕೊಟ್ರ ನಡೀತೈತ್ರಿ?" ಎಂದ.

"ಹಾಲು, ಮೊಸರು, ಶೇಂಗಾ, ಮಡಕಿ ಕಾಳು, ಬ್ಯಾಳಿ. ಮ್ಯಾಲ ಲಿಂಬಿಹಣ್ಣು."

ಮುಂದಿನ ವಾರ ಮಾಮಾ ಬಂದಾಗ ಮುಖವೆಲ್ಲ ಇದ್ದಲಿಯ ಮಸಿ, ಹೆಗಲ ಮೇಲೆ ಚೀಲ, ಎರಡು ಕೈಯಲ್ಲಿ ಎರಡು ಗಡಿಗೆ.

"ಇದೇನ ಮಾಮಾ, ಸಂತಿ ಹಚ್ಚಾಕ ಬಂದೀರೇನು?" ಎಂದೆ.

"ಎಮ್ಮೀನೂ ತರಾವಿದ್ದೆ. ಮೋಟಾರದಾವ ಹತ್ತಸಗೊಡಲಿಲ್ಲ," ಎಂದ. ವಾರ್ಡಿಗೆ ವಾರ್ಡೇ ನಕ್ಕಿತು. ನೀಲಕ್ಕ ಸೆರಗು ಬಾಯಿಗಿಟ್ಟುಕೊಂಡಳು.

ಗುಳಿಯ ತಳದಲ್ಲಿ ಕೆಂಪು ಮಾಂಸ ಕಾಳುಕಾಳಾಗಿ ಏರತೊಡಗಿತು. ಅಂಚಿನಿಂದ ತೆಳ್ಳನೆಯ ತೊಗಲು ಒಳಕ್ಕೆ ಸರಿಯಿತು. ಹುಣ್ಣು ಅಂಗೈಯಿಂದ ಲಿಂಬೆಗೆ, ಲಿಂಬೆಯಿಂದ ಅಡಿಕೆಗೆ ಇಳಿಯಿತು. ಪ್ರತಿ ಸಲ ಪಟ್ಟಿ ಬಿಚ್ಚುವಾಗ ನಾನು ಬಗ್ಗಿ ಅದರ ಅಗಲ ನೋಡುತ್ತಿದ್ದೆ. ಅದು ಮುಚ್ಚದಿದ್ದರೆ ನಾನು ಅಕ್ಕನನ್ನು ಕೊಂದಂತೆ. ಇದು ನನ್ನೊಬ್ಬಳಿಗೇ ತಿಳಿದಿತ್ತು.

ಒಂದು ಬೆಳಗ್ಗೆ ನರ್ಸಬಾಯಿ ಎಂದಿನಂತೆ ಉಪ್ಪುನೀರು ಹಾಕಿದಳು.

"ಯವ್ವಾ, ಏನ ಹಾಕಿದಿ ಬೇ? ಉರೀತೈತಿ," ಎಂದಳು ನೀಲಕ್ಕ.

ನರ್ಸಬಾಯಿಯ ಕೈ ನಿಂತಿತು. "ಏನಂದಿ?"

"ಉರೀತೈತಿ ಅಂದೆ. ಕಿವಿ ಕೇಳಸಂಗಿಲ್ಲೇನು?"

ಆ ವಾರ್ಡಿನಲ್ಲಿ ನರ್ಸಬಾಯಿಗೆ ಹಾಗೆ ಅಂದವರಿಲ್ಲ. ಅವಳು ಬಟ್ಟಲು ಕೆಳಗಿಟ್ಟು, ಮಂಚದ ತುದಿಗೆ ಕೂತು, ಹೊಟ್ಟೆ ಹಿಡಿದು ನಕ್ಕಳು. ಮತ್ತೆರಡು ಹನಿ ಹಾಕಿ, "ಇನ್ನೊಮ್ಮೆ ಬೈ" ಎಂದಳು. ನೀಲಕ್ಕ ಬೈದಳು. ಆಮೇಲೆ ನೀಲಕ್ಕನಿಗೂ ತಿಳಿಯಿತು, ಉರಿ ಅಂದರೆ ಸೊಂಟಕ್ಕೆ ಜೀವ ಬಂತು ಎಂದು. ಬೈಯುತ್ತಲೇ ಅತ್ತಳು.

ಅವ್ವ ಸೆರಗೊಡ್ಡಿ ಕೈಮುಗಿದಳು. "ನನ್ನ ಗೆರಿ ತಪ್ಪಿದ್ದನ್ನ ದೇವರು ಕ್ಷಮಾ ಮಾಡಿದ."

ಆಗಲೂ ನಾನು ಹೇಳಲಿಲ್ಲ.

ಮುಂಗಾರು ಬೀಳುವ ಹೊತ್ತಿಗೆ ನೀಲಕ್ಕ ಕೋಲೂರಿ ನಿಂತಳು. ಬಬಲೇಶ್ವರಕ್ಕೆ ಹೋಗಿ ಸಂಸಾರ ಮಾಡಿದಳು, ಮೂರು ಮಕ್ಕಳ ತಾಯಿಯಾದಳು. ಬಲಗಾಲು ಸ್ವಲ್ಪ ಎಳೆಯುತ್ತಿತ್ತು, ಅಷ್ಟೇ. ನನ್ನನ್ನು ಘೋಣಸಗಿಗೆ ಕೊಟ್ಟರು. ಅಲ್ಲಿ ಯಾರೇ ಹಾಸಿಗೆ ಹಿಡಿದರೂ ನನಗೆ ಹೇಳಿಕಳಿಸುತ್ತಾರೆ. ಹೋಗಿ ಹೊರಳಿಸುವುದು, ಒತ್ತಿ ನೋಡುವುದು ಕಲಿಸಿ ಬರುತ್ತೇನೆ. ದೊಡ್ಡ ಪುಣ್ಯದ ಕೆಲಸ ಅನ್ನುತ್ತಾರೆ. ಅವ್ವನೂ ಹೀಗೆಯೇ ಊರವರಿಗೆ ಹೇಳುತ್ತಿದ್ದಳು, "ಸೂರ್ಯನ್ನ ನಂಬಬ್ಯಾಡ್ರವಾ, ಗಡಿಯಾರ ತರ್ರಿ." ಸಾಯುವ ತನಕ ಹೇಳಿದಳು. ಸೂರ್ಯನ ತಪ್ಪಾಗಲಿ, ಅವಳ ಸುಣ್ಣದ ತಪ್ಪಾಗಲಿ ಏನೂ ಇರಲಿಲ್ಲ ಎಂದು ನಾನು ಅವಳಿಗೆ ಹೇಳಲೇ ಇಲ್ಲ. ಅಕ್ಕನ ಗಾಯ ಮಾಯಿತು. ಅವ್ವನದನ್ನು ನಾನು ಮಾಯಲು ಬಿಡಲಿಲ್ಲ.

ಜಲನಗರದ ಮನೆಯಲ್ಲಿ ಅವತ್ತು ಸೊಸೆ ಅಡುಗೆಮನೆಗೆ ಹೋದಾಗ ನಾನು ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು ಎಲ್ಲ ಹೇಳಿದೆ. ಏಣಿ, ತಗಡು, ಕಲ್ಲು, ನಾಲ್ಕು ದಿನ. ಅಕ್ಕ ಕಣ್ಣು ಮುಚ್ಚಿ ಕೇಳಿದಳು.

"ಗೊತ್ತಿತ್ತು," ಎಂದಳು.

"ಹೆಂಗ ಗೊತ್ತು?"

"ಮಾಳಿಗಿ ಮ್ಯಾಲ ಜ್ವಾಳಾ ಹಾಕಿದ್ರ ಗುಬ್ಬಿ ಬರತಿದ್ದಿಲ್ಲೇನು? ಒಂದು ಗುಬ್ಬಿ ಸಪ್ಪಳ ಇರಲಿಲ್ಲ. ಸೊಂಟ ಸತ್ತಿತ್ತು ನಂದು, ಕಿವಿ ಇದ್ದುವಲ್ಲ."

"ಮತ್ಯಾಕ ಹೇಳಲಿಲ್ಲ ಬೇ ಅಕ್ಕಾ?"

"ಆಡೂಮುಂದ ನಾ ಹೆಳವಿ ಅನ್ನೂದು ಮರೀತಿದ್ದೆ. ನನಗೂ ಹೊಳ್ಳೂದು ಬ್ಯಾಡಾಗಿತ್ತು. ಅದರಾಗ ಅರ್ಧಾ ನಂದು." ಕಣ್ಣು ತೆರೆದು ಅಂದಳು, "ಅವ್ವನ ಮುಂದ ಹೇಳದಿದ್ದದ್ದು ಮಾತ್ರ ಪೂರಾ ನಿಂದು. ನೀ ಹೇಳ್ತಿ, ನೀ ಹೇಳ್ತಿ ಅಂತ ನಾ ಕಾದೆ."

ಮಷೀನು ಗುಂಯ್ ಅನ್ನುತ್ತಿತ್ತು.

"ಆ ನಾಕು ದಿನದ ಆಟ ಲೆಕ್ಕಕ್ಕಿಲ್ಲ ಮತ್ತ," ಎಂದಳು ಅಕ್ಕ. "ಅಲ್ಲಿ ಡಬ್ಬ್ಯಾಗ ಕವಡಿ ಅದಾವ, ತಾ."

ರಟ್ಟಿನ ಮೇಲೆ ಚೌಕಾಬಾರಾದ ಮನೆ ಬರೆದು ಸ್ಟೂಲಿನ ಮೇಲಿಟ್ಟೆ. ಅಕ್ಕ ನನ್ನ ಕಡೆ ಮಗ್ಗುಲಾಗಿ ಮಲಗಿ ಎಸೆದಳು. ಎಡಗೈ ಈಗ ಪಳಗಿತ್ತು. ನನ್ನ ಎರಡು ಕಾಯಿ ಹೊಡೆದಳು, ಮೂರು ಕಾಯಿ ಹಣ್ಣು ಮಾಡಿಕೊಂಡಳು. ಕೊನೆಯ ಕಾಯಿಗೆ ಒಂದು ಬಿದ್ದರೆ ಸಾಕು. ನಾನು ಗೋಡೆಯ ಗಡಿಯಾರ ನೋಡಿದೆ. ಕವಡೆಗಳನ್ನು ಆಕೆಯ ಅಂಗೈಯಿಂದ ತೆಗೆದುಕೊಂಡೆ.

"ಏನದು?"

"ಎರಡು ತಾಸಾತು. ಹೊಳ್ಳಬೇಕು."

"ಒಂದ ಕೈ ಐತಲೇ, ಆಡಿ ಮುಗಸೂಣು."

"ಇಲ್ಲ."

"ಸೋಲಾಕತ್ತೀಯಲ್ಲ, ಅದಕ್ಕ. ಸಣ್ಣಾಕಿ ಇದ್ದಾಗಿಂದ ನಿಂದು ಇದ ಗುಣಾ."

ಸೊಸೆಯನ್ನು ಕರೆದೆ. ಇಬ್ಬರೂ ಹೆಗಲು, ಸೊಂಟ ಕೂಡಿಸಿ ಹಿಡಿದು ಆಕೆಯನ್ನು ಆ ಕಡೆ ಹೊರಳಿಸಿದೆವು. ಬೆನ್ನಿಗೆ ದಿಂಬು ಕೊಟ್ಟೆವು, ಮೊಳಕಾಲ ನಡುವೆ ಇನ್ನೊಂದು. ಬಲ ಸೊಂಟದ ಮೇಲೆ ಆ ಹಳೆಯ ಕಲೆ ಇತ್ತು, ನುಣ್ಣಗೆ ಹೊಳೆಯುತ್ತ. ಅದರ ಸುತ್ತ ಒತ್ತಿ ನೋಡಿದೆ. ಬೆಳ್ಳಗಾಯಿತು, ಮತ್ತೆ ಕೆಂಪಾಯಿತು.

ಅಕ್ಕ ಗೋಡೆಯ ಕಡೆ ಮುಖ ಮಾಡಿ ಇನ್ನೂ ಬೈಯುತ್ತಲೇ ಇದ್ದಳು. ನಾನು ಮತ್ತು ಸೊಸೆ ಮಂಚವನ್ನು ಗೋಡೆಯಿಂದ ಎರಡು ಮೊಳ ಈಚೆ ಎಳೆದೆವು. ರಟ್ಟನ್ನು ಕಾಯಿ ಅಲುಗದಂತೆ ಎತ್ತಿಕೊಂಡು, ಮಂಚ ಸುತ್ತಿ ಹೋಗಿ, ಆಕೆಯ ಮುಖದ ಮುಂದೆ ಸ್ಟೂಲಿನ ಮೇಲೆ ಇಟ್ಟೆ. ಹದಿನಾರನೆಯ ವಯಸ್ಸಿನಲ್ಲಿ ನನಗೆ ಇಷ್ಟು ಹೊಳೆದಿರಲಿಲ್ಲ.

"ತಗೋ. ನಿಂದ ಕೈ," ಎಂದು ಕವಡೆ ಕೊಟ್ಟೆ.